ಲ್ಯಾಪ್‌ಟಾಪ್ ಪರದೆ ಮಂಕಾಯಿತೇ, ಮಿಣುಕುತ್ತಿದೆಯೇ? ದೋಷ ಎಲ್ಲಿದೆ ಎಂದು ಮನೆಯಲ್ಲೇ ಪತ್ತೆ ಹಚ್ಚುವ ಬಗೆ

ಜೂನ್ ತಿಂಗಳು ಬಂತೆಂದರೆ ಉತ್ತರ ಕನ್ನಡದಲ್ಲಿ ಲ್ಯಾಪ್‌ಟಾಪಿನ ದೂರುಗಳು ಶುರುವಾಗುತ್ತವೆ. ಕುಮಟಾದಲ್ಲಿ ಆನ್‌ಲೈನ್ ಪರೀಕ್ಷೆಗೆ ಕೂತ ಹುಡುಗಿಯ ಪರದೆ ಇದ್ದಕ್ಕಿದ್ದಂತೆ ಮಂಕಾಗುತ್ತದೆ. ಶಿರಸಿಯಿಂದ ಒಳಗಿನ ಹಳ್ಳಿಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರ ಪರದೆ ಮೀಟಿಂಗಿನ ನಡುವೆ ಮಿಣುಕತೊಡಗುತ್ತದೆ. 2020ರ ನಂತರ ಹೀಗೆ ಊರಿನಿಂದಲೇ ದುಡಿಯುವವರು ಹೆಚ್ಚಾಗಿದ್ದಾರೆ. ಅವರಿಗೆ ಪರದೆ ಕೈಕೊಟ್ಟರೆ ಆ ದಿನದ ಕೆಲಸವೇ ನಿಂತಂತೆ. ರಿಪೇರಿ ಅಂಗಡಿ ಇರುವುದು ಪೇಟೆಯಲ್ಲಿ. ಮಳೆಯಲ್ಲಿ ಬಸ್ಸು ಹತ್ತಿ ಹೋಗಿ ಕೊಟ್ಟು ಬಂದರೆ ಬಿಡಿಭಾಗ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಬರುವವರೆಗೆ ಕಾಯಬೇಕು.

ಇಂಥ ಹೊತ್ತಿನಲ್ಲಿ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: ‘ಡಿಸ್ಪ್ಲೇ ಹೋಗಿದೆ.’ ಆದರೆ ಪರದೆ ಮಂಕಾಗುವುದಕ್ಕೆ, ಮಿಣುಕುವುದಕ್ಕೆ ಕಾರಣ ಎಷ್ಟೋ ಸಲ ಪರದೆಯೇ ಆಗಿರುವುದಿಲ್ಲ. ಒಂದು ಸೆಟ್ಟಿಂಗ್, ಒಂದು ತಂತಿ, ಕೆಲವೊಮ್ಮೆ ಪಕ್ಕದಲ್ಲಿಟ್ಟ ಮೊಬೈಲಿನ ಕವರ್ ಕೂಡ ಕಾರಣವಾಗಬಹುದು. ಒಂದು ಸ್ಕ್ರೂ ಕೂಡ ಬಿಚ್ಚದೆ ಇದನ್ನು ಬಹುಮಟ್ಟಿಗೆ ಕಂಡುಕೊಳ್ಳಬಹುದು. ಅದಕ್ಕೆ ಮೊದಲು ಪರದೆಯೊಳಗೆ ಏನಿದೆ ಎಂದು ತಿಳಿದಿರಬೇಕು.

## ಪರದೆಗೆ ಸ್ವಂತ ಬೆಳಕಿಲ್ಲ

ನಮ್ಮ ಕಡೆಯ ಹಂಚಿನ ಮನೆಗಳಲ್ಲಿ ಅಡುಗೆಮನೆಯ ಮಾಡಿಗೆ ಒಂದೆರಡು ಗಾಜಿನ ಹಂಚು ಕೂರಿಸುತ್ತಾರೆ. ಆ ಹಂಚಿಗೆ ತನ್ನದೇ ಬೆಳಕಿಲ್ಲ, ಮೇಲಿನ ಬಿಸಿಲನ್ನು ಒಳಗೆ ಬಿಡುತ್ತದೆ ಅಷ್ಟೆ. ಕೆಳಗೆ ಕತ್ತಲಾದರೆ ಆಕಾಶದಲ್ಲಿ ಮೋಡ ಕವಿದಿರಬಹುದು, ಇಲ್ಲವೇ ಹಂಚಿಗೇ ಪಾಚಿ ಕಟ್ಟಿರಬಹುದು. ಒಳಗೆ ನಿಂತವರಿಗೆ ಎರಡೂ ಒಂದೇ ಥರ ಕಾಣುತ್ತದೆ, ಪರಿಹಾರ ಮಾತ್ರ ಬೇರೆ ಬೇರೆ.

ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯೂ ಹೀಗೆಯೇ. ಚಿತ್ರ ಮೂಡುವ ಗಾಜಿನ ಹಾಳೆಗೆ ಪ್ಯಾನೆಲ್ ಎನ್ನುತ್ತಾರೆ. ಅದರ ಹಿಂದೆ, ಸಾಮಾನ್ಯವಾಗಿ ಕೆಳ ಅಂಚಿನುದ್ದಕ್ಕೂ, ಪುಟ್ಟ ಎಲ್‌ಇಡಿ ದೀಪಗಳ ಪಟ್ಟಿಯಿರುತ್ತದೆ. ಇದೇ ಬ್ಯಾಕ್‌ಲೈಟ್. ಒಂದು ತೆಳು ಪ್ಲಾಸ್ಟಿಕ್ ಫಲಕ ಆ ಬೆಳಕನ್ನು ಇಡೀ ಪರದೆಗೆ ಸಮನಾಗಿ ಹರಡುತ್ತದೆ. ಬಿಳಿಯಾಗಿ ಕಾಣುವ ಈ ದೀಪಗಳು ಅಸಲಿಗೆ ನೀಲಿ. ಮೇಲೆ ಹಚ್ಚಿದ ಹಳದಿ ಫಾಸ್ಫರ್ ಲೇಪನದಿಂದ ಬಿಳಿ ಬೆಳಕು ಹೊರಡುತ್ತದೆ. ನೀಲಿ ಎಲ್‌ಇಡಿ ರೂಪಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಸಂದಿತು.

ಪ್ಯಾನೆಲಿನೊಳಗೆ ಇರುವುದು ದ್ರವ ಹರಳು (ಲಿಕ್ವಿಡ್ ಕ್ರಿಸ್ಟಲ್, ಎಲ್‌ಸಿಡಿ ಎಂಬ ಹೆಸರು ಬಂದದ್ದು ಇದರಿಂದಲೇ). ದ್ರವದಂತೆ ಹರಿಯುವ, ಆದರೂ ಹರಳಿನಂತೆ ಕ್ರಮದಲ್ಲಿ ನಿಲ್ಲುವ ವಸ್ತು. ವಿದ್ಯುತ್ತಿನ ಒತ್ತಡಕ್ಕೆ ಅದರ ಅಣುಗಳು ತಿರುಗಿಕೊಳ್ಳುತ್ತವೆ. ಹೇಗೆ ತಿರುಗಿವೆ ಎನ್ನುವುದರ ಮೇಲೆ ಬೆಳಕು ದಾಟುತ್ತದೆ ಅಥವಾ ತಡೆಯಲ್ಪಡುತ್ತದೆ. ಫುಲ್ ಎಚ್‌ಡಿ ಪರದೆಯಲ್ಲಿ ಇಂಥ ಚುಕ್ಕೆಗಳು 1920×1080, ಅಂದರೆ 20 ಲಕ್ಷಕ್ಕೂ ಹೆಚ್ಚು. ಪ್ರತಿ ಚುಕ್ಕೆಯಲ್ಲೂ ಕೆಂಪು, ಹಸಿರು, ನೀಲಿಗೆಂದು ಮೂರು ಭಾಗ. ಈ ವಿಜ್ಞಾನದಲ್ಲಿ ಕರ್ನಾಟಕದ ಪಾಲೂ ದೊಡ್ಡದು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು ತಟ್ಟೆಯಾಕಾರದ ಅಣುಗಳ ದ್ರವ ಹರಳನ್ನು 1977ರಲ್ಲಿ ಕಂಡುಹಿಡಿದರು. ಪರದೆಯನ್ನು ಓರೆಯಿಂದ ನೋಡಿದರೂ ಚಿತ್ರ ಕೆಡದಂತೆ ಮಾಡುವ ಪದರಗಳಲ್ಲಿ ಮುಂದೆ ಅಂಥ ಅಣುಗಳು ಬಳಕೆಯಾದವು.

ಇನ್ನೆರಡು ಸಂಗತಿಗಳಿವೆ. ಲ್ಯಾಪ್‌ಟಾಪಿನ ಮುಖ್ಯ ಸರ್ಕ್ಯೂಟ್ ಫಲಕವಾದ ಮದರ್‌ಬೋರ್ಡಿನಿಂದ ಪರದೆಗೆ ಚಿತ್ರವನ್ನೂ ವಿದ್ಯುತ್ತನ್ನೂ ಒಯ್ಯುವ ಡಿಸ್ಪ್ಲೇ ಕೇಬಲ್ ಒಂದು. ಇದು ಬಿಜಾಗರಿಯ, ಅಂದರೆ ಪರದೆ ಮಡಚುವ ಜಾಗದ ಮೂಲಕವೇ ಹಾದುಹೋಗುತ್ತದೆ. ಯಾವ ಚುಕ್ಕೆ ಯಾವ ಬಣ್ಣಕ್ಕೆ ಬರಬೇಕೆಂದು ಹೇಳುವ ತಂತ್ರಾಂಶ, ಅಂದರೆ ಗ್ರಾಫಿಕ್ಸ್ ಡ್ರೈವರ್, ಇನ್ನೊಂದು. ಬೆಳಕು, ಪ್ಯಾನೆಲ್, ಕೇಬಲ್, ಡ್ರೈವರ್: ದೋಷ ಹೆಚ್ಚಾಗಿ ಈ ನಾಲ್ಕರಲ್ಲಿ ಒಂದರದ್ದು.

ನಿಮ್ಮದು ಓಎಲ್‌ಇಡಿ ಪರದೆಯಾದರೆ ಅದರ ಪ್ರತಿ ಚುಕ್ಕೆಯೂ ತಾನೇ ಉರಿಯುತ್ತದೆ, ಹಿಂದೆ ದೀಪವಿರುವುದಿಲ್ಲ. ಕೆಳಗೆ ಹೇಳಿರುವ ಟಾರ್ಚ್ ಪರೀಕ್ಷೆ ಅದಕ್ಕೆ ಹೊಂದುವುದಿಲ್ಲ. ಉಳಿದ ಪರೀಕ್ಷೆಗಳು ಹೊಂದುತ್ತವೆ.

## ಕರೆಂಟು ಹೋದ ಕೂಡಲೇ ಮಂಕಾದರೆ

ಮಳೆಗಾಲದ ದೂರುಗಳಲ್ಲಿ ಇದೇ ಮೊದಲನೆಯದು, ಮತ್ತು ಇದು ದೋಷವೇ ಅಲ್ಲ. ಕರೆಂಟು ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಗೆ ದಾಟಿಕೊಂಡು, ಚಾರ್ಜು ಉಳಿಸಲು ಬೆಳಕನ್ನು ತಾನೇ ತಗ್ಗಿಸುತ್ತದೆ. ಬ್ಯಾಟರಿ ಇನ್ನಷ್ಟು ಇಳಿದರೆ ವಿಂಡೋಸ್‌ನ ಬ್ಯಾಟರಿ ಸೇವರ್ ಕೆಲಸಕ್ಕೆ ಬಂದು ಬೆಳಕನ್ನು ಶೇ 30ರಷ್ಟು ಮತ್ತೆ ಕಡಿಮೆ ಮಾಡುತ್ತದೆ. ಹೊಸ ಆವೃತ್ತಿಯಲ್ಲಿ ಇದರ ಹೆಸರು ಎನರ್ಜಿ ಸೇವರ್. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅಲ್ಲಿ ಪವರ್ ಆ್ಯಂಡ್ ಬ್ಯಾಟರಿಗೆ ಹೋದರೆ ಇದನ್ನು ನಿಲ್ಲಿಸಬಹುದು. ಆದರೆ ಕರೆಂಟು ಯಾವಾಗ ಬರುತ್ತದೋ ಗೊತ್ತಿಲ್ಲದ ಹಳ್ಳಿಯಲ್ಲಿ ಅದನ್ನು ಇದ್ದಂತೆ ಬಿಡುವುದೇ ಒಳ್ಳೆಯದು.

‘ವೋಲ್ಟೇಜ್ ಕಡಿಮೆ ಇದ್ದುದಕ್ಕೆ ಪರದೆ ಮಂಕಾಯಿತು’ ಎನ್ನುವವರಿದ್ದಾರೆ. ಹಳೆಯ ಬಲ್ಬಿನ ವಿಷಯದಲ್ಲಿ ಅದು ಸರಿ, ಲ್ಯಾಪ್‌ಟಾಪಿನ ವಿಷಯದಲ್ಲಿ ಅಲ್ಲ. ಚಾರ್ಜರಿನ ಬೆನ್ನು ತಿರುಗಿಸಿ ನೋಡಿ, ಇನ್‌ಪುಟ್ 100ರಿಂದ 240 ವೋಲ್ಟ್ ಎಂದು ಅಚ್ಚಾಗಿರುತ್ತದೆ. ಮನೆಯ ಲೈನಿನಲ್ಲಿ 230 ಇರಬೇಕಾದದ್ದು 160ಕ್ಕೆ ಇಳಿದರೂ ಚಾರ್ಜರು ಲ್ಯಾಪ್‌ಟಾಪಿಗೆ ಕೊಡುವುದು ಅದೇ 19 ಅಥವಾ 20 ವೋಲ್ಟ್.

ವೋಲ್ಟೇಜ್ ಏರಿಳಿತದಿಂದ ತೊಂದರೆ ಬರುವುದು ಬೇರೊಂದು ದಾರಿಯಲ್ಲಿ. ಗಾಳಿಮಳೆಗೆ ಕರೆಂಟು ಬಂದು ಹೋಗಿ ಮಾಡುವಾಗ, ಅಥವಾ ಗೋಡೆಯ ಪ್ಲಗ್ ಸಡಿಲವಾಗಿದ್ದಾಗ, ಲ್ಯಾಪ್‌ಟಾಪ್ ಕ್ಷಣಕ್ಕೊಮ್ಮೆ ಚಾರ್ಜರಿನಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಚಾರ್ಜರಿಗೆ ದಾಟುತ್ತಿರುತ್ತದೆ. ದಾಟಿದಾಗಲೆಲ್ಲ ಬೆಳಕು ಹೆಚ್ಚುಕಡಿಮೆಯಾಗುತ್ತದೆ, ಕೆಲವು ಯಂತ್ರಗಳಲ್ಲಿ ಪರದೆ ಒಂದು ಕ್ಷಣ ಕಪ್ಪೂ ಆಗುತ್ತದೆ. ನೋಡುವವರಿಗೆ ಅದು ಮಿಣುಕು. ಚಾರ್ಜರ್ ಪೂರ್ತಿ ತೆಗೆದು ಹತ್ತು ನಿಮಿಷ ಬ್ಯಾಟರಿಯಲ್ಲೇ ನಡೆಸಿ ನೋಡಿ. ಮಿಣುಕು ನಿಂತರೆ ಪರದೆ ಸರಿಯಿದೆ. ಪ್ಲಗ್ಗು, ಚಾರ್ಜರಿನ ತಂತಿ, ಲ್ಯಾಪ್‌ಟಾಪಿನ ಚಾರ್ಜಿಂಗ್ ತೂತು, ಇವುಗಳನ್ನು ನೋಡಿದರಾಯಿತು.

## ಬೆಳಕು ತಾನಾಗಿ ಏರಿಳಿದರೆ

ಬಿಳಿ ಪುಟ ತೆರೆದಾಗ ಪರದೆ ಬೆಳಗುವುದು, ಕಪ್ಪು ಹಿನ್ನೆಲೆಯ ಪುಟಕ್ಕೆ ಹೋದಾಗ ನಿಧಾನವಾಗಿ ಮಸುಕಾಗುವುದು ಕಂಡರೆ ಅದು ತಂತ್ರಾಂಶದ ಕೆಲಸ. ಪರದೆಯ ಮೇಲೆ ಏನಿದೆ ಎಂದು ನೋಡಿ ಬೆಳಕನ್ನು ಹೊಂದಿಸುವ ವ್ಯವಸ್ಥೆ ಇದು. ವಿಂಡೋಸ್ 11ರಲ್ಲಿ ಡಿಸ್ಪ್ಲೇ ಸೆಟ್ಟಿಂಗ್ಸ್‌ನ ಬ್ರೈಟ್‌ನೆಸ್ ಕೆಳಗೆ ‘ಚೇಂಜ್ ಬ್ರೈಟ್‌ನೆಸ್ ಬೇಸ್ಡ್ ಆನ್ ಕಂಟೆಂಟ್’ ಎಂದಿರುತ್ತದೆ, ಅದನ್ನು ಆಫ್ ಮಾಡಿ. ಚಿತ್ರ ರೂಪಿಸುವ ಗ್ರಾಫಿಕ್ಸ್ ಚಿಪ್ ಇಂಟೆಲ್ ಕಂಪನಿಯದಾದರೆ ಅದರ ಗ್ರಾಫಿಕ್ಸ್ ಆ್ಯಪ್‌ನಲ್ಲಿ ‘ಡಿಸ್ಪ್ಲೇ ಪವರ್ ಸೇವಿಂಗ್ಸ್’, ಎಎಂಡಿಯಲ್ಲಿ ‘ವೇರಿ-ಬ್ರೈಟ್’ ಎಂಬ ಹೆಸರಿನಲ್ಲಿ ಇದೇ ಕೆಲಸ ಇನ್ನೊಮ್ಮೆ ನಡೆಯುತ್ತಿರುತ್ತದೆ. ಒಂದು ಕಡೆ ನಿಲ್ಲಿಸಿ ಇನ್ನೊಂದು ಕಡೆ ಬಿಟ್ಟರೆ ಫಲವಿಲ್ಲ.

ಕೆಲವು ಲ್ಯಾಪ್‌ಟಾಪುಗಳಲ್ಲಿ ಕ್ಯಾಮೆರಾದ ಪಕ್ಕ ಸುತ್ತಲಿನ ಬೆಳಕನ್ನು ಅಳೆಯುವ ಸೆನ್ಸರ್ ಇರುತ್ತದೆ. ಜಗುಲಿಯಲ್ಲಿ ಕೂತಾಗ ಮೋಡ ಸರಿದಂತೆಲ್ಲ ಪರದೆ ಏರಿಳಿಯುವುದು ಇದರಿಂದ. ಲ್ಯಾಪ್‌ಟಾಪ್ ಪೂರ್ತಿ ಕಪ್ಪಾಗಿ ನಿದ್ದೆಗೆ ಜಾರುತ್ತಿದ್ದರೆ ಇನ್ನೊಂದು ಸಂಗತಿ ನೋಡಿ: ಮುಚ್ಚಳ ಮುಚ್ಚಿದೆಯೇ ಎಂದು ತಿಳಿಯಲು ಲ್ಯಾಪ್‌ಟಾಪ್ ಒಂದು ಅಯಸ್ಕಾಂತವನ್ನು ಬಳಸುತ್ತದೆ. ಮ್ಯಾಗ್ನೆಟ್ ಇರುವ ಮೊಬೈಲ್ ಕವರನ್ನು ಕೈಯೂರುವ ಜಾಗದ ಬಳಿ ಇಟ್ಟರೆ ಮುಚ್ಚಳ ಮುಚ್ಚಿತೆಂದೇ ಅದು ತಿಳಿಯುತ್ತದೆ.

ಬೆಳಕು ಕಡಿಮೆ ಇಟ್ಟಾಗ ಮಾತ್ರ ಕಣ್ಣಿಗೆ ನವಿರಾದ ಕಂಪನ, ತಲೆನೋವು ಬರುವುದಾದರೆ ಕಾರಣ ಬೇರೆ. ಹಲವು ಪರದೆಗಳು ಬೆಳಕನ್ನು ತಗ್ಗಿಸುವುದು ದೀಪಗಳನ್ನು ಸೆಕೆಂಡಿಗೆ ನೂರಾರು ಅಥವಾ ಸಾವಿರಾರು ಬಾರಿ ಆರಿಸಿ ಹೊತ್ತಿಸಿ. ಆರಿರುವ ಹೊತ್ತು ಹೆಚ್ಚಾದಷ್ಟೂ ಪರದೆ ಮಂಕು. ಈ ಆಟ ನಿಧಾನವಾಗಿ ನಡೆಯುವ ಪರದೆಗಳಲ್ಲಿ ಕೆಲವರ ಕಣ್ಣಿಗೆ ದಣಿವಾಗುತ್ತದೆ. ಮೊಬೈಲ್ ಕ್ಯಾಮೆರಾದಲ್ಲಿ ನೋಡಿದರೆ ಪಟ್ಟೆಗಳು ಓಡುವುದು ಕಾಣಬಹುದು. ಯಂತ್ರ ಕೆಟ್ಟಿಲ್ಲ. ಪರದೆಯ ಬೆಳಕನ್ನು ಏರಿಸಿ, ಕೋಣೆಯಲ್ಲೂ ಒಂದು ದೀಪ ಹಾಕಿಕೊಂಡು ಕೂತರೆ ಸರಿಹೋಗುತ್ತದೆ.

## ತಂತ್ರಾಂಶದ್ದೋ, ಯಂತ್ರದ್ದೋ?

ನಿಜವಾದ ಮಿಣುಕು ಬಂದಾಗ ಮೊದಲು ಬಿಡಿಸಿಕೊಳ್ಳಬೇಕಾದ ಪ್ರಶ್ನೆ ಇದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಉಳಿದ ಪರದೆ ಮಿಣುಕಿದರೂ ಟಾಸ್ಕ್ ಮ್ಯಾನೇಜರಿನ ಕಿಟಕಿ ಮಾತ್ರ ಸ್ಥಿರವಾಗಿದ್ದರೆ ಯಾವುದೋ ಆ್ಯಪ್ ಹೊಂದಿಕೆಯಾಗುತ್ತಿಲ್ಲ ಎಂದರ್ಥ. ಇತ್ತೀಚೆಗೆ ಹಾಕಿಕೊಂಡದ್ದನ್ನು ತೆಗೆದು ನೋಡಿ. ಅದೂ ಸೇರಿ ಎಲ್ಲವೂ ಮಿಣುಕಿದರೆ ಮೊದಲ ಅನುಮಾನ ಡ್ರೈವರ್ ಮೇಲೆ. ಮೈಕ್ರೋಸಾಫ್ಟ್ ಕೂಡ ಹೇಳುವ ಪರೀಕ್ಷೆ ಇದು.

ಡ್ರೈವರನ್ನು ಆ ಕ್ಷಣಕ್ಕೆ ಮರುಚಾಲೂ ಮಾಡಲು ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಕೀಗಳನ್ನು ಒಟ್ಟಿಗೆ ಒತ್ತಬಹುದು. ಪರದೆ ಒಮ್ಮೆ ಕಪ್ಪಾಗಿ ಮರಳಿ ಬರುತ್ತದೆ, ತೆರೆದ ಕೆಲಸ ಹಾಗೇ ಇರುತ್ತದೆ. ಅಪ್‌ಡೇಟ್ ಆದ ಮರುದಿನದಿಂದಲೇ ತೊಂದರೆ ಶುರುವಾಗಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಡಿಸ್ಪ್ಲೇ ಅಡಾಪ್ಟರ್ಸ್ ತೆರೆದು ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ ಹಳೆಯದಕ್ಕೆ ಮರಳಬಹುದು. ಪರದೆ 120 ಅಥವಾ 144 ಹರ್ಟ್ಸ್‌ನದ್ದಾದರೆ (ಸೆಕೆಂಡಿಗೆ ಅಷ್ಟು ಬಾರಿ ಚಿತ್ರ ಹೊಸದಾಗುವಂಥದ್ದು) ಅಡ್ವಾನ್ಸ್‌ಡ್ ಡಿಸ್ಪ್ಲೇಯಲ್ಲಿ 60ಕ್ಕೆ ಇಳಿಸಿ ನೋಡುವುದೂ ಒಂದು ದಾರಿ.

ಎಲ್ಲಕ್ಕಿಂತ ಖಚಿತ ಉತ್ತರ ಕೊಡುವುದು ವಿಂಡೋಸ್ ಇನ್ನೂ ಶುರುವಾಗದ ಹೊತ್ತು. ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಎಫ್2, ಎಫ್10 ಅಥವಾ ಡಿಲೀಟ್ ಕೀ ಒತ್ತಿದರೆ (ಕಂಪನಿಗೊಂದು ಕೀ) ಬಯೋಸ್, ಅಂದರೆ ಯಂತ್ರದ ಮೂಲ ಸೆಟ್ಟಿಂಗುಗಳ ಪುಟ ಬರುತ್ತದೆ. ಅಲ್ಲಿ ಏನನ್ನೂ ಬದಲಿಸದೆ ಐದು ನಿಮಿಷ ಸುಮ್ಮನೆ ನೋಡುತ್ತಿರಿ. ಆ ಪುಟದಲ್ಲಿ ವಿಂಡೋಸ್ ಇಲ್ಲ, ಅದರ ಡ್ರೈವರೂ ಇಲ್ಲ. ಅಲ್ಲೂ ಮಿಣುಕಿದರೆ ದೋಷ ಯಂತ್ರದ್ದೇ. ಅಲ್ಲಿ ಶಾಂತವಾಗಿದ್ದು ವಿಂಡೋಸ್‌ನಲ್ಲಿ ಮಾತ್ರ ಮಿಣುಕಿದರೆ ಬಹುಪಾಲು ತಂತ್ರಾಂಶದ್ದು. ಡೆಲ್ ಲ್ಯಾಪ್‌ಟಾಪುಗಳಲ್ಲಿ ಇದಕ್ಕೆಂದೇ ಒಂದು ಸೌಲಭ್ಯವಿದೆ: ಡಿ ಕೀ ಒತ್ತಿ ಹಿಡಿದೇ ಆನ್ ಮಾಡಿದರೆ ಪರದೆ ತುಂಬ ಒಂದೊಂದೇ ಬಣ್ಣ ಬಂದು ಹೋಗುತ್ತದೆ. ಬಣ್ಣಗಳು ಶುದ್ಧವಾಗಿ, ಗೆರೆಯಿಲ್ಲದೆ ಬಂದರೆ ಪ್ಯಾನೆಲಿನ ಮೇಲೆ ಅನುಮಾನ ಬೇಡ.

## ಟಿವಿಗೆ ಜೋಡಿಸಿ, ಟಾರ್ಚ್ ಹಿಡಿಯಿರಿ

ಮನೆಯ ಟಿವಿಗೆ ಎಚ್‌ಡಿಎಂಐ ತಂತಿಯಲ್ಲಿ ಲ್ಯಾಪ್‌ಟಾಪ್ ಜೋಡಿಸಿ, ವಿಂಡೋಸ್ ಮತ್ತು ಪಿ ಕೀ ಒತ್ತಿ ‘ಡುಪ್ಲಿಕೇಟ್’ ಆರಿಸಿ. ಟಿವಿಯಲ್ಲೂ ಅದೇ ಮಿಣುಕು, ಅದೇ ಗೆರೆ ಕಂಡರೆ ಗ್ರಾಫಿಕ್ಸ್ ಚಿಪ್ ಅಥವಾ ಡ್ರೈವರಿನ ತೊಂದರೆ. ಟಿವಿಯಲ್ಲಿ ಚಿತ್ರ ಸ್ವಚ್ಛವಾಗಿದ್ದರೆ ದೋಷ ಕೇಬಲ್, ಪ್ಯಾನೆಲ್ ಅಥವಾ ಬ್ಯಾಕ್‌ಲೈಟಿಗೆ ಸೀಮಿತ. ಅಂಗಡಿಗೆ ಹೋಗುವವರೆಗೆ ಟಿವಿಯನ್ನೇ ಪರದೆ ಮಾಡಿಕೊಂಡು ಕೆಲಸ ಮುಂದುವರಿಸಲೂಬಹುದು.

ಪರದೆ ಪೂರ್ತಿ ಕಪ್ಪಾಗಿ, ಫ್ಯಾನಿನ ಸದ್ದು ಮಾತ್ರ ಬರುತ್ತಿದ್ದರೆ ಟಾರ್ಚ್ ಪರೀಕ್ಷೆ ಮಾಡಿ. ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಪರದೆಗೆ ಒಂದು ಗೇಣು ದೂರದಲ್ಲಿ ಓರೆಯಾಗಿ ಹಿಡಿದು, ನಿಧಾನವಾಗಿ ಮೂಲೆಯಿಂದ ಮೂಲೆಗೆ ಸರಿಸಿ. ಬೆಳಕು ಬಿದ್ದಲ್ಲಿ ಫೋಲ್ಡರಿನ ಚಿತ್ರಗಳು, ಗಡಿಯಾರದ ಅಂಕಿ, ಮೌಸ್ ಬಾಣ ತೀರಾ ಮಸುಕಾಗಿ ಕಂಡರೆ ಪ್ಯಾನೆಲ್ ಚಿತ್ರ ಮೂಡಿಸುತ್ತಲೇ ಇದೆ, ಹಿಂದಿನ ದೀಪ ಮಾತ್ರ ಆರಿದೆ. ಗಾಜಿನ ಹಂಚು ಸರಿಯಿದ್ದು ಮೋಡ ಕವಿದ ಹಾಗೆ. ಏನೂ ಕಾಣದಿದ್ದರೆ ಚಿತ್ರವೇ ಪರದೆಗೆ ತಲುಪುತ್ತಿರಲಿಕ್ಕಿಲ್ಲ, ಇಲ್ಲವೇ ಪ್ಯಾನೆಲೇ ಕೆಟ್ಟಿರಬಹುದು.

ಈ ಒಂದು ಪರೀಕ್ಷೆಯ ಫಲ ರಿಪೇರಿಯ ಖರ್ಚನ್ನೇ ಬದಲಿಸಬಲ್ಲದು. ದೀಪ ಆರಿದೆ ಎಂದರೆ ಕಾರಣ ಮದರ್‌ಬೋರ್ಡಿನ ಮೇಲಿರುವ ಬ್ಯಾಕ್‌ಲೈಟಿನ ಪುಟ್ಟ ಫ್ಯೂಸ್ ಆಗಿರಬಹುದು, ಕೇಬಲಿನ ಒಂದು ಎಳೆ ಆಗಿರಬಹುದು. ಎರಡೂ ಹೊಸ ಪ್ಯಾನೆಲಿಗಿಂತ ಬಹಳ ಅಗ್ಗ.

2010ಕ್ಕಿಂತ ಹಿಂದಿನ ಲ್ಯಾಪ್‌ಟಾಪ್ ಇನ್ನೂ ಮನೆಯಲ್ಲಿದ್ದರೆ ಅದರಲ್ಲಿ ಎಲ್‌ಇಡಿ ಬದಲು ಸಪೂರ ಟ್ಯೂಬ್‌ಲೈಟ್ ಇರುವ ಸಾಧ್ಯತೆ ಹೆಚ್ಚು. ಪರದೆ ಹೊತ್ತಿಕೊಳ್ಳುವಾಗ ಗುಲಾಬಿ ಛಾಯೆ ಬಂದರೆ ಅದಕ್ಕೆ ವಯಸ್ಸಾಗಿದೆ. ಅದನ್ನು ನಡೆಸುವ, ಪರದೆಯೊಳಗಿನ ಇನ್ವರ್ಟರ್ ಎಂಬ ಪುಟ್ಟ ಸರ್ಕ್ಯೂಟ್ ನೂರಾರು ವೋಲ್ಟ್ ಹುಟ್ಟಿಸುತ್ತದೆ. ಅಂಥ ಪರದೆಯನ್ನು ಮನೆಯಲ್ಲಿ ಬಿಚ್ಚಲೇಬಾರದು.

## ಬಿಜಾಗರಿಯಲ್ಲಿ ಸವೆಯುವ ಕೇಬಲ್

ಬಯೋಸ್‌ನಲ್ಲೂ ಮಿಣುಕು, ಟಿವಿಯಲ್ಲಿ ಸ್ವಚ್ಛ. ಇಲ್ಲಿಗೆ ಬಂದು ನಿಂತರೆ ಮುಂದಿನ ಪರೀಕ್ಷೆ ಕೈಯಿಂದಲೇ. ಪರದೆಯ ಮೇಲಂಚನ್ನು ನಡುವಿನಲ್ಲಿ ಹಿಡಿದು, ತೀರಾ ನಿಧಾನವಾಗಿ ಮುಂದಕ್ಕೆ ಹಿಂದಕ್ಕೆ ಒಯ್ಯಿರಿ. ಒಂದು ನಿರ್ದಿಷ್ಟ ಕೋನದಲ್ಲಿ ಪರದೆ ಮಿಣುಕಿ, ಬೆರಳಗಲ ಸರಿಸಿದರೆ ಸರಿಹೋದರೆ ದೋಷ ಬಹುತೇಕ ಡಿಸ್ಪ್ಲೇ ಕೇಬಲಿನದ್ದು. ಮುಚ್ಚಿ ತೆರೆದಾಗಲೆಲ್ಲ ಅದರ ಕೂದಲೆಳೆಯಂಥ ತಂತಿಗಳು ಬಾಗುತ್ತವೆ. ಒಂದು ಮೂಲೆ ಹಿಡಿದು ಪರದೆ ಎತ್ತುವವರ ಲ್ಯಾಪ್‌ಟಾಪಿನಲ್ಲಿ ಬಿಜಾಗರಿ ಒಂದು ಬದಿಗೆ ಬಿಗಿದು ಕೇಬಲ್ ಬೇಗ ನಲುಗುತ್ತದೆ.

ಹೆಸರುವಾಸಿ ಯಂತ್ರಗಳೂ ಇದಕ್ಕೆ ಹೊರತಲ್ಲ. 2016ರ ಮ್ಯಾಕ್‌ಬುಕ್ ಪ್ರೊದಲ್ಲಿ ಈ ಕೇಬಲ್ ತುಸು ಗಿಡ್ಡವಾಗಿದ್ದು, ತೆರೆದು ಮುಚ್ಚಿ ಸವೆದು, ಪರದೆಯ ಕೆಳಗೆ ಬೆಳಕಿನ ಪಟ್ಟೆಗಳು ಮೂಡತೊಡಗಿದವು. 13 ಇಂಚಿನ ಮಾದರಿಗೆ ಆ್ಯಪಲ್ 2019ರಲ್ಲಿ ಉಚಿತ ರಿಪೇರಿ ಯೋಜನೆ ಪ್ರಕಟಿಸಿತು.

ಪರದೆ ಅಲ್ಲಾಡಿಸುವಾಗ ‘ಕಟ್’ ಎಂಬ ಸದ್ದು ಬಂದರೆ, ಪ್ಲಾಸ್ಟಿಕ್ ಬಾಯಿ ಬಿಟ್ಟಿದ್ದರೆ ನಿಲ್ಲಿಸಿ. ಟಚ್‌ಪ್ಯಾಡ್ ಉಬ್ಬಿ ಮೇಲೆದ್ದಿದ್ದರೆ, ಲ್ಯಾಪ್‌ಟಾಪ್ ಮೇಜಿನ ಮೇಲೆ ಸಮನಾಗಿ ಕೂರದಿದ್ದರೆ ಒಳಗೆ ಬ್ಯಾಟರಿ ಊದಿಕೊಂಡಿರಬಹುದು. ಆಗ ಪರದೆಯ ಚಿಂತೆ ಬಿಟ್ಟು, ಚಾರ್ಜರ್ ತೆಗೆದು, ಆಫ್ ಮಾಡಿ, ಒತ್ತದೆ ಚುಚ್ಚದೆ ನೇರ ಅಂಗಡಿಗೆ ಒಯ್ಯಿರಿ. ಲಿಥಿಯಂ ಬ್ಯಾಟರಿ ಬೆಂಕಿ ಹಿಡಿಯಬಲ್ಲದು.

## ಕರಾವಳಿಯ ಉಪ್ಪು, ಮಳೆಗಾಲದ ತೇವ

ಕಾರವಾರದಿಂದ ಭಟ್ಕಳದವರೆಗಿನ ಮನೆಗಳಿಗೆ ಈ ಭಾಗ ಮುಖ್ಯ. ಕಡಲ ಗಾಳಿ ಕಣ್ಣಿಗೆ ಕಾಣದಷ್ಟು ಸಣ್ಣ ಉಪ್ಪಿನ ಕಣಗಳನ್ನು ಹೊತ್ತು ತರುತ್ತದೆ. ಲ್ಯಾಪ್‌ಟಾಪಿನ ಫ್ಯಾನು ಆ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಉಪ್ಪು ಲೋಹದ ಮೇಲೆ ಕೂರುತ್ತದೆ. ಬೇಸಿಗೆಯ ಒಣ ಹೊತ್ತಿನಲ್ಲಿ ಅದು ಸುಮ್ಮನಿರುತ್ತದೆ. ಗಾಳಿಯ ಸಾಪೇಕ್ಷ ತೇವಾಂಶ ಸುಮಾರು ಶೇ 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗತೊಡಗುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರಾಗುವುದೂ ಇದೇ ಕಾರಣಕ್ಕೆ. ಜುಲೈಯಲ್ಲಿ ನಮ್ಮ ಕರಾವಳಿಯ ಗಾಳಿ ದಿನವಿಡೀ ಆ ಗೆರೆಯ ಮೇಲೆಯೇ ಇರುತ್ತದೆ.

ಹೀಗೆ ಕರಗಿದ ಉಪ್ಪುನೀರು ವಿದ್ಯುತ್ತನ್ನು ಹರಿಸುತ್ತದೆ, ಲೋಹವನ್ನೂ ತಿನ್ನುತ್ತದೆ. ಡಿಸ್ಪ್ಲೇ ಕೇಬಲ್ ಕೂರುವ ಕನೆಕ್ಟರಿನಲ್ಲಿ ಸಾಮಾನ್ಯವಾಗಿ 30 ಅಥವಾ 40 ಪಿನ್ನುಗಳು, ಅವುಗಳ ನಡುವಿನ ಅಂತರ ಅರ್ಧ ಮಿಲಿಮೀಟರ್ ಅಥವಾ ಅದಕ್ಕೂ ಕಡಿಮೆ. ಚಿತ್ರದ ಸಂಕೇತ ಒಯ್ಯುವ ಪಿನ್ನು, ಬ್ಯಾಕ್‌ಲೈಟಿಗೆ ಹೆಚ್ಚು ವೋಲ್ಟೇಜ್ ಒಯ್ಯುವ ಪಿನ್ನು ಎರಡೂ ಅಲ್ಲೇ. ಅಲ್ಲಿ ಹಸಿರು ಕಿಲುಬು ಕಟ್ಟಿದರೆ ಬೆಳಿಗ್ಗೆ ಆನ್ ಮಾಡಿದಾಗ ಪರದೆ ಮಿಣುಕಿ, ಅರ್ಧ ಗಂಟೆಯಲ್ಲಿ ಯಂತ್ರ ಬಿಸಿಯಾದ ಮೇಲೆ ಸರಿಹೋಗುವುದುಂಟು. ಈ ಲಕ್ಷಣ ಕಂಡರೆ ತೇವದ ಮೇಲೆ ಅನುಮಾನ ಪಡಿ. ತಾನಾಗಿ ಸರಿಹೋಯಿತೆಂದು ಬಿಟ್ಟರೆ ಮುಂದೊಂದು ದಿನ ಪಿನ್ನುಗಳು ಒಂದಕ್ಕೊಂದು ತಾಗಿದಂತಾಗಿ ಫ್ಯೂಸ್ ಹಾರುತ್ತದೆ.

ಘಟ್ಟದ ಮೇಲೆ ಉಪ್ಪಿಲ್ಲ, ತೇವ ಧಾರಾಳ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಕಪಾಟಿನೊಳಗೆ ತಿಂಗಳುಗಟ್ಟಲೆ ಮುಚ್ಚಿಟ್ಟ ಲ್ಯಾಪ್‌ಟಾಪಿಗೆ ಚರ್ಮದ ಚೀಲದಂತೆಯೇ ಬೂಷ್ಟು ಹಿಡಿಯುತ್ತದೆ. ದಿನಕ್ಕೆ ಒಂದು ಗಂಟೆಯಾದರೂ ಚಾಲೂ ಇಡುವುದೇ ಒಳ್ಳೆಯ ಔಷಧ, ಯಂತ್ರದ ಕಾವೇ ಒಳಗಿನ ತೇವವನ್ನು ಓಡಿಸುತ್ತದೆ. ಬಳಸದೆ ಇಡುವುದಾದರೆ ಬಿಗಿ ಮುಚ್ಚಳದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ನೀರು ಬಿದ್ದ ಲ್ಯಾಪ್‌ಟಾಪನ್ನು ಅಕ್ಕಿ ಡಬ್ಬದಲ್ಲಿ ಹೂಳಬೇಡಿ, ಅಕ್ಕಿಯ ಹುಡಿ ತೂತುಗಳಲ್ಲಿ ಸೇರಿ ಅಂಟಾಗುತ್ತದೆ. ಒಲೆಯ ಪಕ್ಕ, ಅಡಿಕೆ ಡ್ರೈಯರ್ ಹತ್ತಿರ ಒಣಗಿಸುವುದೂ ಬೇಡ, ಪರದೆಯ ಪ್ಲಾಸ್ಟಿಕ್ ಪದರಗಳು ಸೊಟ್ಟಗಾಗುತ್ತವೆ. ಆಫ್ ಮಾಡಿ, ಚಾರ್ಜರ್ ತೆಗೆದು, ಫ್ಯಾನಿನ ಗಾಳಿಗೆ ಇಟ್ಟು, ಮತ್ತೆ ಆನ್ ಮಾಡದೆ ಅಂಗಡಿಗೆ ಕೊಡಿ.

ಮಳೆ ನಿಂತ ರಾತ್ರಿಗಳಲ್ಲಿ ಇನ್ನೊಂದು ಕಾಟವಿದೆ. ಬೆಳಕಿಗೆ ಬಂದ ಸಣ್ಣ ಹುಳ, ಇರುವೆ ಪರದೆಯ ಅಂಚಿನ ಸಂದಿಯಿಂದ ಒಳನುಗ್ಗಿ, ಪ್ಯಾನೆಲ್ ಮತ್ತು ದೀಪದ ಫಲಕದ ನಡುವೆ ಓಡಾಡುತ್ತದೆ. ಎಷ್ಟೇ ಕಿರಿಕಿರಿಯಾದರೂ ಬೆರಳಲ್ಲಿ ಒತ್ತಬೇಡಿ. ಅಲ್ಲೇ ಸತ್ತರೆ ಆ ಕಪ್ಪು ಚುಕ್ಕೆ ಶಾಶ್ವತ. ಪರದೆ ಆರಿಸಿ, ಕೋಣೆಯ ಇನ್ನೊಂದು ಬದಿಯಲ್ಲಿ ದೀಪ ಹಚ್ಚಿಟ್ಟರೆ ಎಷ್ಟೋ ಸಲ ಅದು ಬಂದ ದಾರಿಯಲ್ಲೇ ಹೊರಟುಹೋಗುತ್ತದೆ.

## ಅಂಗಡಿಯಲ್ಲಿ ಏನು ಹೇಳಬೇಕು

‘ಡಿಸ್ಪ್ಲೇ ಹೋಗಿದೆ’ ಎನ್ನಬೇಡಿ. ನೀವು ಕಂಡದ್ದನ್ನು ಹೇಳಿ: ‘ಬಯೋಸ್‌ನಲ್ಲೂ ಮಿಣುಕುತ್ತದೆ, ಟಿವಿಯಲ್ಲಿ ಸರಿಯಿದೆ, ಪರದೆ ಹಿಂದಕ್ಕೆ ಬಾಗಿಸಿದಾಗ ಹೆಚ್ಚು.’ ಇಷ್ಟು ಕೇಳಿದ ಮೆಕ್ಯಾನಿಕ್ ಮೊದಲು ಕೇಬಲಿಗೇ ಕೈ ಹಾಕುತ್ತಾರೆ. ಪರದೆ ಕಪ್ಪಾಗಿದ್ದು ಟಾರ್ಚಿಗೆ ಚಿತ್ರ ಕಂಡಿದ್ದರೆ ಅದನ್ನೂ ಹೇಳಿ, ಪ್ಯಾನೆಲ್ ಬದಲಿಸುವ ಮುಂಚೆ ಬ್ಯಾಕ್‌ಲೈಟ್ ಫ್ಯೂಸ್ ಪರೀಕ್ಷಿಸಲು ಕೇಳಿಕೊಳ್ಳಿ. ಮಿಣುಕು ಬಂದು ಹೋಗುವಂಥದ್ದಾದರೆ ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಅಂಗಡಿಯ ಮೇಜಿನ ಮೇಲೆ ಅದು ಕಾಣಿಸಿಕೊಳ್ಳದೇ ಹೋಗಬಹುದು.

ಪ್ಯಾನೆಲನ್ನೇ ಬದಲಿಸಬೇಕಾದ ಸಂದರ್ಭಗಳೂ ಇವೆ: ಒತ್ತಡಕ್ಕೆ ಒಡೆದು ಶಾಯಿ ಚೆಲ್ಲಿದಂತೆ ಹರಡಿದ ಕಲೆ, ಡೆಲ್‌ನಂಥ ಬಣ್ಣದ ಪರೀಕ್ಷೆಯಲ್ಲೂ ಹೋಗದ ಉದ್ದ ಗೆರೆ, ನೀರು ಪದರಗಳ ನಡುವೆ ಸೇರಿ ಆದ ಬಿಳಿ ಮಚ್ಚೆ. ವರ್ಷಗಟ್ಟಲೆ ದುಡಿದ ದೀಪಗಳ ಬೆಳಕು ಕ್ರಮೇಣ ಕುಂದುವುದೂ ಸಹಜ. ಹೊಸದು ಹಾಕಿಸುವಾಗ ಹಳೆಯ ಪ್ಯಾನೆಲಿನ ಬೆನ್ನ ಮೇಲಿರುವ ಮಾದರಿ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿ. ಅಳತೆ ಒಂದೇ ಇದ್ದರೂ 30 ಪಿನ್ನಿನದಕ್ಕೆ 40 ಪಿನ್ನಿನದು ಹೊಂದುವುದಿಲ್ಲ. ಕೇಬಲ್ ಬಿಚ್ಚಿ ಹಾಕುವ ಮುನ್ನ ಬ್ಯಾಟರಿಯ ಜೋಡಣೆ ತಪ್ಪಿಸುವಂತೆಯೂ ಹೇಳಿ. ಆಫ್ ಆಗಿರುವ ಲ್ಯಾಪ್‌ಟಾಪಿನಲ್ಲೂ ಬ್ಯಾಟರಿಯ ವೋಲ್ಟೇಜ್ ಜೀವಂತವಿರುತ್ತದೆ, ಕನೆಕ್ಟರ್ ಓರೆಯಾಗಿ ಕೂತರೆ ಹೊಸ ಪ್ಯಾನೆಲೂ ಸುಡಬಹುದು.

ಹೊರಡುವ ಮುನ್ನ ಟಿವಿಗೆ ಜೋಡಿಸಿ, ಬೇಕಾದ ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ.